ಹಿಪ್ಪೊಕ್ಯಾಂಪಸ್ ಅಳತೆ: ಒಂದೇ ಸ್ಕ್ಯಾನಿಗೆ ಮೂರು ಉತ್ತರ ಯಾಕೆ?

ಪ್ರಶ್ನೆ: ಮೇಡಂ, ನಾನು ಕಲಬುರಗಿಯಲ್ಲಿ ಎಂ.ಟೆಕ್. ಎರಡನೇ ವರ್ಷದಲ್ಲಿದ್ದೇನೆ. ಎಂಆರ್‌ಐ ಚಿತ್ರಗಳಲ್ಲಿ ಹಿಪ್ಪೊಕ್ಯಾಂಪಸ್ (ನೆನಪಿಗೆ ಬೇಕಾದ ಮೆದುಳಿನ ಭಾಗ) ಗುರುತಿಸಿ ಅದರ ಗಾತ್ರ ಅಳೆಯುವುದು ನನ್ನ ಪ್ರಾಜೆಕ್ಟ್. ಒಬ್ಬರ ಎಡ ಹಿಪ್ಪೊಕ್ಯಾಂಪಸ್ಸನ್ನು ಐಟಿಕೆ-ಸ್ನ್ಯಾಪ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಕೈಯಿಂದ ಬಿಡಿಸಿದೆ. ನನ್ನ ಪೈಥಾನ್ ಕೋಡ್ 3.12 ಮಿ.ಲೀ. ಅಂತು. ಅದೇ ಮಾಸ್ಕ್‌ಗೆ, ಅಂದರೆ ನಾನು ಬಿಡಿಸಿದ ಭಾಗಕ್ಕೆ, ಐಟಿಕೆ-ಸ್ನ್ಯಾಪ್ 3.29 ತೋರಿಸಿತು. ಅದೇ ಸ್ಕ್ಯಾನನ್ನು, ತಾನೇ ಗಡಿ ಗುರುತಿಸುವ ಫ್ರೀಸರ್ಫರ್ ಸಾಫ್ಟ್‌ವೇರ್‌ಗೆ ಕೊಟ್ಟರೆ 3.61 ಬಂತು. "ಇದರಾಗ ಯಾವುದು ಖರೆ?" ಅಂತ ಗೈಡ್ ಸರ್ ಕೇಳುತ್ತಿದ್ದಾರೆ. ಇನ್ನೊಂದು ಮಾತು. ನಮ್ಮ ದೊಡ್ಡಪ್ಪನವರಿಗೆ 71 ವರ್ಷ, ಮರೆವು ಜಾಸ್ತಿಯಾಗಿದೆ. ಹೋದ ವರ್ಷ ಕಲಬುರಗಿಯಲ್ಲಿ, ಈ ವರ್ಷ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ ಸ್ಕ್ಯಾನ್ ಮಾಡಿಸಿದೆವು. ನಾನೇ ಅಳೆದೆ. 3.4 ಇದ್ದದ್ದು 3.1 ಆಗಿದೆ. ವರ್ಷಕ್ಕೆ ಶೇ. 9 ಸವೆದಿದೆ ಅಂತ ಮನೆಯವರಿಗೆ ಹೇಳಲೇ? ಪ್ರಾಜೆಕ್ಟ್‌ನ ಸ್ಕ್ಯಾನ್ ಸೇರಿ ಮೂರೂ ಸ್ಕ್ಯಾನ್‌ಗಳ ಹೆಡರ್ (ಅಳತೆಯ ವಿವರ ಇರುವ ಫೈಲ್ ಭಾಗ) ಚಿತ್ರ ಕಳಿಸಿದ್ದೇನೆ. ತಿಳಿಸ್ರಿ.

ಉತ್ತರ:

ಮನೆಯವರಿಗೆ ಈಗಲೇ ಏನೂ ಹೇಳಬೇಡಿ. ಕಾರಣ ಮುಂದೆ ಬರುತ್ತದೆ. ಆದರೆ ಇಷ್ಟನ್ನು ಮೊದಲೇ ಹೇಳಿಬಿಡಬೇಕು ಅನ್ನಿಸಿತು, ಯಾಕಂದ್ರೆ ಇಂಥ ಒಂದು ಸಂಖ್ಯೆ ಮನೆಯೊಳಗೆ ಹೊಕ್ಕರೆ ಮತ್ತೆ ಹೊರಗೆ ಹೋಗುವುದಿಲ್ಲ.

ನಿಮ್ಮ ಗೈಡ್ ಕೇಳಿದ ಪ್ರಶ್ನೆಗೆ ಬರೋಣ. 3.12 ತಪ್ಪು, ಅದನ್ನು ಬಿಟ್ಟುಬಿಡಿ. 3.29 ಮತ್ತು 3.61 ಎರಡೂ ಸರಿಯಾದ ಲೆಕ್ಕಗಳೇ. ಆದರೆ ಅವು ಎರಡು ಬೇರೆ ಬೇರೆ ಗಡಿಗಳ ಲೆಕ್ಕ. ಮೆದುಳಿನ ಒಂದು ಭಾಗದ ಗಾತ್ರ ಅನ್ನುವುದು ಚಿತ್ರದಲ್ಲಿ ಮೊದಲೇ ಬರೆದಿಟ್ಟ ಸಂಖ್ಯೆಯಲ್ಲ. ಗಡಿಯನ್ನು ಎಲ್ಲಿ ಎಳೆದಿರಿ, ಯಾವ ಯಂತ್ರದ ಯಾವ ಚಿತ್ರದ ಮೇಲೆ ಎಳೆದಿರಿ, ಯಾವ ಸಾಫ್ಟ್‌ವೇರ್ ಎಣಿಸಿತು, ಇಷ್ಟೂ ಸೇರಿ ಆ ಸಂಖ್ಯೆ ಹುಟ್ಟುತ್ತದೆ. ಒಂದೇ ರೀತಿಯಲ್ಲಿ ಅಳೆದ ಎರಡು ಸಂಖ್ಯೆಗಳನ್ನು ಹೋಲಿಸಬಹುದು. ಬೇರೆ ರೀತಿಯಲ್ಲಿ ಅಳೆದದ್ದನ್ನು ಹೋಲಿಸಿದರೆ ನಾವು ನೋಡುವುದು ಮೆದುಳನ್ನಲ್ಲ, ಅಳತೆಯ ವ್ಯತ್ಯಾಸವನ್ನು.

ಮೊದಲು 3.12 ಹೇಗೆ ಬಂತು ನೋಡಿ. ನಿಮ್ಮ ಕೋಡ್ ಮಾಸ್ಕ್‌ನಲ್ಲಿ ಎಷ್ಟು ವಾಕ್ಸೆಲ್ (ಚಿತ್ರದ ಚಿಕ್ಕ ಘನ ತುಣುಕು) ಇವೆ ಅಂತ ಎಣಿಸಿ, 1000ದಿಂದ ಭಾಗಿಸಿದೆ. 3120 ವಾಕ್ಸೆಲ್, ಹಾಗಾಗಿ 3.12 ಮಿ.ಲೀ. ಇದರಲ್ಲಿ ಒಂದು ಊಹೆ ಅಡಗಿದೆ: ಪ್ರತಿ ವಾಕ್ಸೆಲ್ 1 ಘನ ಮಿ.ಮೀ. ಅಂತ. ನೀವು ಕಳಿಸಿದ ಹೆಡರ್ ಹಾಗೆ ಹೇಳುವುದಿಲ್ಲ. ಅಲ್ಲಿ 0.9375, 0.9375, 1.2 ಅಂತಿದೆ. ಮೂರನ್ನೂ ಗುಣಿಸಿದರೆ 1.0547 ಘನ ಮಿ.ಮೀ. ಇದನ್ನು 3120ರಿಂದ ಗುಣಿಸಿ. 3290.6 ಘನ ಮಿ.ಮೀ. ಬರುತ್ತದೆ, ಅಂದರೆ 3.29 ಮಿ.ಲೀ. ಐಟಿಕೆ-ಸ್ನ್ಯಾಪ್ ಹೇಳಿದ್ದೂ ಅದನ್ನೇ, ಅಲ್ವಾ? ಶಹಾಬಾದ್ ಫರಸಿ ಹಾಸುವವರು ನೆಲದ ಅಳತೆ ಹಿಡಿಯುವುದೂ ಹೀಗೆಯೇ. ಕಲ್ಲು ಎಷ್ಟು ಅಂತ ಎಣಿಸಿದರೆ ಸಾಲದು, ಒಂದು ಕಲ್ಲು ಎಷ್ಟು ಅಡಿಯದು ಅಂತ ಗೊತ್ತಿರಬೇಕು. ಜೊತೆಗೆ ಗೋಡೆಯ ಅಂಚಿಗೆ ಕತ್ತರಿಸಿ ಕೂರಿಸಿದ ತುಂಡುಗಳಿರುತ್ತವೆ. ಅವನ್ನು ಇಡೀ ಕಲ್ಲು ಅಂತ ಎಣಿಸಬೇಕೋ, ಅರ್ಧ ಅಂತಲೋ, ಬಿಟ್ಟುಬಿಡಬೇಕೋ ಅನ್ನುವ ಪ್ರಶ್ನೆಯೇ ಈ ಇಡೀ ವಿಷಯದ ಕಷ್ಟದ ಭಾಗ.

ಕೋಡ್‌ನಲ್ಲಿ ವಾಕ್ಸೆಲ್ ಗಾತ್ರವನ್ನು ನೀವೇ ಟೈಪ್ ಮಾಡಬೇಡಿ. ನಿಫ್ಟಿ (ಸಂಶೋಧನೆಯಲ್ಲಿ ಬಳಸುವ ಚಿತ್ರದ ನಮೂನೆ) ಫೈಲ್ ಆದರೆ ನಿಬಾಬೆಲ್ ಅನ್ನುವ ಪೈಥಾನ್ ಲೈಬ್ರರಿಯಿಂದ ಅಫೈನ್ ಮ್ಯಾಟ್ರಿಕ್ಸ್, ಅಂದರೆ ವಾಕ್ಸೆಲ್‌ನ ಜಾಗ ಮತ್ತು ಅಳತೆ ಹೇಳುವ ಕೋಷ್ಟಕ, ತೆಗೆಯಿರಿ. ಅದರ ಮೇಲಿನ ಎಡ ಮೂಲೆಯ 3×3 ಭಾಗದ ಡಿಟರ್ಮಿನೆಂಟ್ ತೆಗೆದು, ಮೈನಸ್ ಇದ್ದರೆ ಬಿಟ್ಟರೆ, ಅದೇ ಒಂದು ವಾಕ್ಸೆಲ್‌ನ ಗಾತ್ರ. ಚಿತ್ರ ಓರೆಯಾಗಿ ತೆಗೆದಿದ್ದರೂ ಇದು ಸರಿಯಾಗಿ ಬರುತ್ತದೆ. ಹೆಡರ್‌ನ ಮೂರು ಅಂತರಗಳನ್ನು ಗುಣಿಸಿದ್ದಕ್ಕೂ ಇದಕ್ಕೂ ತಾಳೆ ಆಗದಿದ್ದರೆ ಅಲ್ಲೇ ನಿಲ್ಲಿ. ಫೈಲ್‌ನಲ್ಲಿ ಏನೋ ಎಡವಟ್ಟಾಗಿದೆ ಅಂತ ಅರ್ಥ.

ಈಗ ದಪ್ಪ ಸ್ಲೈಸ್‌ಗಳ, ಅಂದರೆ ತಲೆಯ ಒಂದೊಂದು ಪದರದ ಚಿತ್ರಗಳ ವಿಷಯ. ನಿಮ್ಮ ದೊಡ್ಡಪ್ಪನವರ ಹೋದ ವರ್ಷದ ಸ್ಕ್ಯಾನ್ ಅಂಥದ್ದು. ಹೆಡರ್‌ನಲ್ಲಿ ಸ್ಲೈಸ್ ದಪ್ಪ 5 ಮಿ.ಮೀ. ಇದೆ. ಅದರ ಕೆಳಗೆ ಇನ್ನೊಂದು ಸಾಲು ಇದೆ, ಸ್ಲೈಸ್‌ಗಳ ನಡುವಿನ ಅಂತರ ಅಂತ. ಅಲ್ಲಿ 6 ಇದೆ. ಅಂದರೆ ಪ್ರತಿ ಎರಡು ಸ್ಲೈಸ್‌ಗಳ ನಡುವೆ 1 ಮಿ.ಮೀ. ಜಾಗ ಖಾಲಿ ಬಿಟ್ಟು ತೆಗೆದಿದ್ದಾರೆ. ಇದು ಯಾರ ತಪ್ಪೂ ಅಲ್ಲ. ಪಾರ್ಶ್ವವಾಯು, ಗಡ್ಡೆ, ರಕ್ತಸ್ರಾವ ನೋಡಲು ಇಂಥ ಚಿತ್ರ ಸಾಕು, ಬೇಗ ಮುಗಿಯುತ್ತದೆ, ರೋಗಿಗೂ ಸುಲಭ. ಎಲ್ಲ ಕಡೆಯೂ ಮಾಡುವ ಪದ್ಧತಿ ಇದು. ಆದರೆ ಗಾತ್ರ ಅಳೆಯುವಾಗ ಈ 5 ಮತ್ತು 6ರ ವ್ಯತ್ಯಾಸ ಕಾಡುತ್ತದೆ.

ಸ್ಲೈಸ್‌ಗಳಿಂದ ಗಾತ್ರ ಕಂಡುಹಿಡಿಯುವ ದಾರಿ 17ನೇ ಶತಮಾನದ ಇಟಲಿಯ ಗಣಿತಜ್ಞ ಕವಲಿಯೇರಿಯ ಹೆಸರಿನಲ್ಲಿದೆ. ಪ್ರತಿ ಸ್ಲೈಸ್‌ನಲ್ಲಿ ಕಂಡ ವಿಸ್ತೀರ್ಣ ಕೂಡಿಸಿ, ಒಂದು ಸ್ಲೈಸ್‌ನ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಇರುವ ದೂರದಿಂದ ಗುಣಿಸಬೇಕು. ಆ ದೂರ ಇಲ್ಲಿ 6. ನೀವು 5ರಿಂದ ಗುಣಿಸಿದ್ದೀರಿ. ಹಾಗಾಗಿ ಆರರಲ್ಲಿ ಒಂದು ಪಾಲು ಕಳೆದುಹೋಗಿದೆ. ಸರಿಪಡಿಸಿದರೆ 3.4 ಅಲ್ಲ, 4.08 ಆಗುತ್ತದೆ. ಅದನ್ನು ನಂಬಿದರೆ ದೊಡ್ಡಪ್ಪನವರ ಹಿಪ್ಪೊಕ್ಯಾಂಪಸ್ ಒಂದೇ ವರ್ಷದಲ್ಲಿ ಕಾಲು ಭಾಗ ಸವೆದಂತಾಯಿತು! ಆಲ್‌ಝೈಮರ್ ಇರುವವರಲ್ಲೂ ಹಾಗೆ ಆಗುವುದಿಲ್ಲ. ಅಂದರೆ ಲೆಕ್ಕ ಸರಿಪಡಿಸಿದ ಮೇಲೂ ಆ ಸಂಖ್ಯೆ ಕೆಲಸಕ್ಕೆ ಬರುವುದಿಲ್ಲ. ಕಾರಣ ಸರಳ. ಅಡ್ಡ ಸ್ಲೈಸ್‌ಗಳನ್ನು 6 ಮಿ.ಮೀ. ಅಂತರದಲ್ಲಿ ತೆಗೆದರೆ ಹಿಪ್ಪೊಕ್ಯಾಂಪಸ್ ಕಾಣುವುದೇ ಮೂರ್ನಾಲ್ಕು ಸ್ಲೈಸ್‌ಗಳಲ್ಲಿ. ಕೊನೆಯ ಸ್ಲೈಸ್‌ನಲ್ಲಿ ಮಸುಕಾಗಿ ಕಂಡದ್ದನ್ನು ಸೇರಿಸಿದರೆ ಒಂದು ಉತ್ತರ, ಬಿಟ್ಟರೆ ಇನ್ನೊಂದು ಉತ್ತರ, ನಡುವೆ ಅಷ್ಟು ದೊಡ್ಡ ಅಂತರ.

ಡೈಕಾಮ್ ಫೈಲ್‌ಗಳಿಂದ (ಸ್ಕ್ಯಾನ್ ಯಂತ್ರ ಕೊಡುವ ಮೂಲ ಫೈಲ್‌ಗಳಿಂದ) ನೇರವಾಗಿ ಕೆಲಸ ಮಾಡುವಾಗ ಸ್ಲೈಸ್ ದಪ್ಪದ ಸಾಲನ್ನು ನಂಬಬೇಡಿ. ಅಂತರದ ಸಾಲು ಕೆಲವು ಫೈಲ್‌ಗಳಲ್ಲಿ ಇರುವುದೇ ಇಲ್ಲ. ಎಲ್ಲಕ್ಕಿಂತ ಭದ್ರವಾದದ್ದು ಪ್ರತಿ ಸ್ಲೈಸ್‌ನ ಸ್ಥಾನ ಹೇಳುವ ಸಾಲು, ಇಮೇಜ್ ಪೊಸಿಶನ್ ಪೇಷಂಟ್. ಅಕ್ಕಪಕ್ಕದ ಎರಡು ಸ್ಲೈಸ್‌ಗಳ ಸ್ಥಾನ ಕಳೆದರೆ ನಿಜವಾದ ದೂರ ಸಿಗುತ್ತದೆ. ನಡುವೆ ಒಂದು ಸ್ಲೈಸ್ ಕಾಪಿ ಆಗದೆ ತಪ್ಪಿಹೋಗಿದ್ದರೂ ಅಲ್ಲೇ ಗೊತ್ತಾಗುತ್ತದೆ.

ಹಾಂ, ಒಂದು ಮಾತು. ನೀವು ಕಳಿಸಿದ ಹೆಡರ್ ಚಿತ್ರಗಳಲ್ಲಿ ಒಂದರಲ್ಲಿ ರೋಗಿಯ ಹೆಸರು, ಹುಟ್ಟಿದ ದಿನ ಕಾಣುತ್ತಿತ್ತು. ನಾನು ಅಳಿಸಿಬಿಟ್ಟೆ. ಪ್ರಾಜೆಕ್ಟ್‌ನ ಎಲ್ಲ ಫೈಲ್‌ಗಳಿಂದ ಹೆಸರು ತೆಗೆಯಿರಿ, ಫೈಲ್ ಹೆಸರಿನಲ್ಲೂ ಇರಬಾರದು. ತೆಳು ಸ್ಲೈಸ್‌ನ ಮೂರು ಆಯಾಮದ ಸ್ಕ್ಯಾನ್‌ನಿಂದ ಮುಖವನ್ನೇ ಮತ್ತೆ ಮೂಡಿಸಬಹುದು. ಹಾಗಾಗಿ ಬೇರೆಯವರಿಗೆ ಕೊಡುವ ಮುಂಚೆ ಮುಖದ ಭಾಗವನ್ನೂ ಅಳಿಸಬೇಕು, ಅದಕ್ಕೆ ಉಚಿತ ಪ್ರೋಗ್ರಾಂಗಳಿವೆ. ಆಸ್ಪತ್ರೆಯ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪತ್ರ ನಿಮ್ಮ ಬಳಿ ಇರಲಿ.

ಇನ್ನು ನಿಜವಾದ ವಿಷಯ: 3.29 ಮತ್ತು 3.61. ಶೇ. 10ರಷ್ಟು ವ್ಯತ್ಯಾಸ. ನೋಡಿದರೆ ಗಾಬರಿ ಆಗುತ್ತದೆ. ಆದರೆ ಒಂದು ಸಣ್ಣ ಲೆಕ್ಕ ಮಾಡಿ ನೋಡಿ.

3.5 ಮಿ.ಲೀ. ಗಾತ್ರದ ಒಂದು ಗೋಳ ತೆಗೆದುಕೊಳ್ಳಿ. ಅದರ ತ್ರಿಜ್ಯ ಸುಮಾರು 9.4 ಮಿ.ಮೀ. ಗಡಿಯನ್ನು ಎಲ್ಲ ಕಡೆ ಅರ್ಧ ಮಿ.ಮೀ. ಹೊರಗೆ ಸರಿಸಿ. ಅಂದರೆ ಸಾಮಾನ್ಯ ಸ್ಕ್ಯಾನ್‌ನಲ್ಲಿ ಅರ್ಧ ವಾಕ್ಸೆಲ್, ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಗಾತ್ರ 4.09 ಮಿ.ಲೀ. ಆಗುತ್ತದೆ. ಶೇ. 17 ಜಾಸ್ತಿ! ಅಷ್ಟೇ ಒಳಗೆ ಸರಿಸಿದರೆ 2.97ಕ್ಕೆ ಇಳಿಯುತ್ತದೆ. ಒಂದೇ ಗಾತ್ರದ ಎಲ್ಲ ಆಕಾರಗಳ ಪೈಕಿ ಗೋಳಕ್ಕೆ ಮೇಲ್ಮೈ ಅತಿ ಕಡಿಮೆ. ಹಿಪ್ಪೊಕ್ಯಾಂಪಸ್ ಉದ್ದಕ್ಕೆ, ಬಾಗಿ, ಮಡಿಸಿಕೊಂಡು ಕೂತಿರುವ ಭಾಗ. ಅದರ ಮೇಲ್ಮೈ ಇನ್ನೂ ಜಾಸ್ತಿ, ಹಾಗಾಗಿ ಗಡಿ ಸರಿದರೆ ಆಗುವ ವ್ಯತ್ಯಾಸವೂ ಜಾಸ್ತಿ. ನಿಮ್ಮ 3.29 ಮತ್ತು 3.61ರ ನಡುವೆ ಗಡಿ ಸರಿದಿರುವುದು ಸರಾಸರಿ 0.3 ಮಿ.ಮೀ.ಗಿಂತಲೂ ಕಡಿಮೆ. ಕಂಪ್ಯೂಟರ್ ಪರದೆಯ ಮೇಲೆ ಕೈಯಿಂದ ಬಿಡಿಸುವಾಗ ಮೌಸ್ ಅಲುಗಿದರೂ ಇಷ್ಟು ಸರಿಯುತ್ತದೆ.

ಆದರೆ ಇದು ಬರೀ ಕೈ ನಡುಕದ ಪ್ರಶ್ನೆಯಲ್ಲ. ಹಿಪ್ಪೊಕ್ಯಾಂಪಸ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅನ್ನುವುದರಲ್ಲೇ ಪರಿಣತರ ನಡುವೆ ಬಹಳ ಕಾಲ ಒಮ್ಮತ ಇರಲಿಲ್ಲ. ಮುಂದೆ ಅಮಿಗ್ಡಲ ಅನ್ನುವ ಇನ್ನೊಂದು ಭಾಗ ಅಂಟಿಕೊಂಡಿದೆ. ಎರಡರ ಬಣ್ಣವೂ ಟಿ1 ಅನ್ನುವ ಬಗೆಯ ಎಂಆರ್‌ಐ ಚಿತ್ರದಲ್ಲಿ ಹೆಚ್ಚುಕಡಿಮೆ ಒಂದೇ. ಹಿಂದೆ ಬಾಲದ ಭಾಗವನ್ನು ಎಲ್ಲಿಯವರೆಗೆ ಸೇರಿಸಬೇಕು? ಮೇಲೆ ಆಲ್ವಿಯಸ್ ಅನ್ನುವ ಬಿಳಿ ಪದರ ಇದೆ, ಅದು ಒಳಗೋ ಹೊರಗೋ? ಕೆಳಗೆ ಸಬಿಕ್ಯುಲಂ ಅನ್ನುವ ಭಾಗ ಎಲ್ಲಿಗೆ ನಿಲ್ಲುತ್ತದೆ? ಒಂದೊಂದು ತಂಡ ಒಂದೊಂದು ನಿಯಮ ಮಾಡಿಕೊಂಡಿತ್ತು. ಕೊನೆಗೆ ಯುರೋಪ್ ಮತ್ತು ಅಮೆರಿಕದ ತಂಡಗಳು ಒಟ್ಟಿಗೆ ಕೂತು ಒಂದು ಏಕರೂಪದ ನಿಯಮ ಮಾಡಿದವು. ಅದಕ್ಕೆ ಹಾರ್ಪ್ ಅಂತ ಕರೆಯುತ್ತಾರೆ, 2015ರ ಹೊತ್ತಿಗೆ ಪ್ರಕಟವಾಯಿತು. ನೀವು ಕೈಯಿಂದ ಬಿಡಿಸುವುದಾದರೆ ನಿಮ್ಮದೇ ನಿಯಮ ಮಾಡಬೇಡಿ, ಹಾರ್ಪ್ ಹಿಡಿಯಿರಿ. ಯಾರಾದರೂ ರೇಡಿಯಾಲಜಿಸ್ಟ್ ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಕೆಲವು ಸ್ಕ್ಯಾನ್ ಬಿಡಿಸಿ. ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜುಗಳಿಗೆ ಕೊರತೆ ಇಲ್ಲ. ಜಿಮ್ಸ್ ಇದೆ, ಇಎಸ್‌ಐಸಿ ಇದೆ, ಎಂ.ಆರ್. ಮೆಡಿಕಲ್ ಇದೆ. ಇಂಜಿನಿಯರಿಂಗ್ ವಿಭಾಗದವರು ಅಲ್ಲಿಗೆ ಹೋಗಿ ಕೇಳಬೇಕು ಅಷ್ಟೇ. ಗಡಿ ಎಲ್ಲಿ ಅಂತ ಗೊತ್ತಿಲ್ಲದೆ ಬರೆದ ಕೋಡ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಫ್ರೀಸರ್ಫರ್ ಸಾಮಾನ್ಯವಾಗಿ ಕೈಯಿಂದ ಬಿಡಿಸಿದ್ದಕ್ಕಿಂತ ಜಾಸ್ತಿ ಗಾತ್ರ ಕೊಡುತ್ತದೆ. ಇದು ಹಲವು ಅಧ್ಯಯನಗಳಲ್ಲಿ ಕಂಡ ವಿಷಯ. ಹಾಗಾಗಿ 3.61 ನೋಡಿ ಆಶ್ಚರ್ಯ ಬೇಡ. ಅದರ ಅಂಕಿಅಂಶದ ಫೈಲ್ ತೆರೆದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ವಾಕ್ಸೆಲ್ ಸಂಖ್ಯೆಯ ಕಾಲಂ ಒಂದಿದೆ, ಘನ ಮಿ.ಮೀ. ಕಾಲಂ ಇನ್ನೊಂದಿದೆ. ಫ್ರೀಸರ್ಫರ್ ಎಲ್ಲವನ್ನೂ 1 ಮಿ.ಮೀ. ವಾಕ್ಸೆಲ್‌ಗೆ ಬದಲಾಯಿಸಿಕೊಳ್ಳುತ್ತದೆ. ಹಾಗಿದ್ದ ಮೇಲೆ ಎರಡೂ ಕಾಲಂ ಒಂದೇ ಆಗಬೇಕಿತ್ತು, ಅಲ್ವಾ? ಆಗುವುದಿಲ್ಲ. ಯಾಕಂದ್ರೆ ಗಾತ್ರದ ಕಾಲಂನಲ್ಲಿ ಅಂಚಿನ ವಾಕ್ಸೆಲ್‌ಗಳನ್ನು ಪೂರ್ತಿ ಎಣಿಸಿಲ್ಲ. ಅಂಚಿನ ವಾಕ್ಸೆಲ್‌ನ ಬಿಳುಪು ನೋಡಿ, ಅದರಲ್ಲಿ ಎಷ್ಟು ಪಾಲು ಹಿಪ್ಪೊಕ್ಯಾಂಪಸ್, ಎಷ್ಟು ಪಾಲು ಪಕ್ಕದ ಭಾಗ ಅಂತ ಅಂದಾಜು ಮಾಡಿ ಕೂಡಿಸಿದೆ. ನಿಮ್ಮ ಗೈಡ್ ಮುಂದಿನ ಸಲ "ಎಣಿಕೆ ಬೇರೆ, ಗಾತ್ರ ಬೇರೆ ಯಾಕೆ?" ಅಂತ ಕೇಳಿದರೆ ಇದೇ ಉತ್ತರ. ಪ್ರಬಂಧದಲ್ಲಿ ಯಾವ ಕಾಲಂ ಬಳಸಿದಿರಿ ಅಂತ ಬರೆಯಿರಿ, ಸಾಫ್ಟ್‌ವೇರ್‌ನ ವರ್ಶನ್ ಸಂಖ್ಯೆಯನ್ನೂ ಬರೆಯಿರಿ. ವರ್ಶನ್ ಬದಲಾದರೆ, ಕಂಪ್ಯೂಟರ್‌ನ ಆಪರೇಟಿಂಗ್ ಸಿಸ್ಟಂ ಬದಲಾದರೂ ಫ್ರೀಸರ್ಫರ್ ಉತ್ತರ ಬದಲಾಗುತ್ತದೆ ಅಂತ 2012ರಲ್ಲೇ ಒಂದು ಅಧ್ಯಯನ ತೋರಿಸಿದೆ. ಪ್ರಾಜೆಕ್ಟ್ ಮಧ್ಯದಲ್ಲಿ ಅಪ್‌ಡೇಟ್ ಮಾಡಬೇಡಿ.

ಲೇಬಲ್ ಸಂಖ್ಯೆಗಳ, ಅಂದರೆ ಮೆದುಳಿನ ಪ್ರತಿ ಭಾಗಕ್ಕೆ ಸಾಫ್ಟ್‌ವೇರ್ ಕೊಡುವ ಸಂಖ್ಯೆಗಳ ಬಗ್ಗೆ ಎಚ್ಚರ ಇರಲಿ. ಫ್ರೀಸರ್ಫರ್‌ನಲ್ಲಿ ಎಡ ಹಿಪ್ಪೊಕ್ಯಾಂಪಸ್ 17, ಬಲ 53. ಲೇಬಲ್ ಚಿತ್ರವನ್ನು ಮೂಲ ಸ್ಕ್ಯಾನ್‌ನ ಅಳತೆಗೆ ಮತ್ತೆ ತರುವಾಗ ನಿಯರೆಸ್ಟ್ ನೇಬರ್ (ಅತಿ ಹತ್ತಿರದ ವಾಕ್ಸೆಲ್‌ನ ಸಂಖ್ಯೆಯನ್ನೇ ಹಿಡಿಯುವ) ವಿಧಾನವನ್ನೇ ಬಳಸಬೇಕು. ಮರೆತು ಸರಾಸರಿ ತೆಗೆಯುವ ಲೀನಿಯರ್ ವಿಧಾನ ಬಳಸಿದರೆ ಏನಾಗುತ್ತದೆ ನೋಡಿ. ಎಡ ಹಿಪ್ಪೊಕ್ಯಾಂಪಸ್ 17, ಪಕ್ಕದ ಎಡ ಕಾರ್ಟೆಕ್ಸ್ 3. ಎರಡರ ಸರಾಸರಿ 10. ಫ್ರೀಸರ್ಫರ್ ಪಟ್ಟಿಯಲ್ಲಿ 10 ಅಂದರೆ ಎಡ ಥ್ಯಾಲಮಸ್, ಮೆದುಳಿನ ಬೇರೆಯೇ ಭಾಗ! ಹಿಪ್ಪೊಕ್ಯಾಂಪಸ್‌ನ ಅಂಚಿನಲ್ಲಿ ಸುಮ್ನೆ ಒಂದು ಥ್ಯಾಲಮಸ್ ಹುಟ್ಟಿಕೊಳ್ಳುತ್ತದೆ. ಕೋಡ್ ಯಾವ ಎರರ್ ಕೊಡುವುದಿಲ್ಲ. ಹಿಪ್ಪೊಕ್ಯಾಂಪಸ್ ಚಿಕ್ಕದಾಗುತ್ತದೆ, ಥ್ಯಾಲಮಸ್ ದೊಡ್ಡದಾಗುತ್ತದೆ, ಟೇಬಲ್ ನೋಡಲು ಚೆನ್ನಾಗಿಯೇ ಇರುತ್ತದೆ. ಹಾಗೆಯೇ ಎಡ ಬಲ ಅದಲುಬದಲಾಗುವುದು. ಡೈಕಾಮ್ ಮತ್ತು ನಿಫ್ಟಿಯಲ್ಲಿ ಎಡ ಬಲದ ದಿಕ್ಕು ಒಂದಕ್ಕೊಂದು ಉಲ್ಟಾ. ಗಾತ್ರ ಬದಲಾಗುವುದಿಲ್ಲ, ಆದರೆ ಯಾವ ಕಡೆಯದು ಅನ್ನುವುದು ಬದಲಾಗುತ್ತದೆ. ಮೂರ್ಛೆ ರೋಗದ ಶಸ್ತ್ರಚಿಕಿತ್ಸೆಗೆ ಅಳೆಯುವವರಿಗೆ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ.

ಮೂರ್ಛೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಹಿಪ್ಪೊಕ್ಯಾಂಪಸ್ ಗಾತ್ರ ಎಂಆರ್‌ಐನಲ್ಲಿ ಅಳೆಯುವ ಕೆಲಸ ಮೊದಮೊದಲು ನಿಜವಾಗಿ ಉಪಯೋಗಕ್ಕೆ ಬಂದದ್ದು ಮರೆವಿಗಲ್ಲ, ಮೂರ್ಛೆಗೆ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಕ್ಲಿಫರ್ಡ್ ಜ್ಯಾಕ್ ಅವರ ತಂಡ 1990ರಲ್ಲಿ ಅದನ್ನು ಪ್ರಕಟಿಸಿತು. ಟೆಂಪೊರಲ್ ಲೋಬ್ (ಕಿವಿಯ ಹತ್ತಿರದ ಮೆದುಳಿನ ಭಾಗ) ಮೂರ್ಛೆ ಯಾವ ಕಡೆಯಿಂದ ಬರುತ್ತದೆ ಅಂತ ಎಡ ಬಲ ಗಾತ್ರ ಹೋಲಿಸಿ ಹೇಳಬಹುದು ಅಂತ ತೋರಿಸಿದರು. ನನಗೆ ಈ ಉಪಯೋಗ ಬಹಳ ಇಷ್ಟ, ಅದರ ಕಾರಣವೂ ನಿಮ್ಮ ಪ್ರಶ್ನೆಗೆ ಹತ್ತಿರದ್ದು. ಒಬ್ಬರದೇ ತಲೆ, ಒಂದೇ ಯಂತ್ರ, ಒಂದೇ ದಿನ, ಒಂದೇ ನಿಯಮ. ನಿಮ್ಮ ಗಡಿ ಸ್ವಲ್ಪ ದೊಡ್ಡದಾಗಿದ್ದರೆ ಎರಡೂ ಕಡೆ ದೊಡ್ಡದಾಗಿರುತ್ತದೆ, ಹೋಲಿಸುವಾಗ ಆ ದೋಷ ಬಹುಪಾಲು ಹೊರಟುಹೋಗುತ್ತದೆ. ಆರೋಗ್ಯವಂತರಲ್ಲಿ ಬಲಗಡೆಯದು ಸ್ವಲ್ಪ ದೊಡ್ಡದಿರುವುದು ಸಾಮಾನ್ಯ, ಅದನ್ನು ಮಾತ್ರ ನೆನಪಿಡಬೇಕು. ನಿಮ್ಮ ಪ್ರಾಜೆಕ್ಟ್‌ಗೆ ಇನ್ನೂ ವಿಷಯ ಬದಲಾಯಿಸುವ ಅವಕಾಶ ಇದ್ದರೆ ಎಡ ಬಲ ವ್ಯತ್ಯಾಸವನ್ನೇ ಮುಖ್ಯ ಮಾಡಿಕೊಳ್ಳಿ. ಕಡಿಮೆ ಸ್ಕ್ಯಾನ್‌ಗಳಿಂದಲೂ ಗಟ್ಟಿಯಾದ ಮಾತು ಹೇಳಬಹುದು.

ಕೋಡ್ ಸರಿಯಿದೆಯೋ ಅಂತ ಪರೀಕ್ಷಿಸಲು ರೋಗಿಯ ಸ್ಕ್ಯಾನ್ ಬೇಡ. 0.9375, 0.9375, 1.2 ಅಂತರದ ಖಾಲಿ ಚಿತ್ರ ಮಾಡಿ, ಅದರಲ್ಲಿ 10 ಮಿ.ಮೀ. ತ್ರಿಜ್ಯದ ಗೋಳದ ಮಾಸ್ಕ್ ತುಂಬಿ. ಗಾತ್ರ 4189 ಘನ ಮಿ.ಮೀ.ಗೆ ಬಹಳ ಹತ್ತಿರ ಬರಬೇಕು. ನಿಮ್ಮ ಹಳೆಯ ಕೋಡ್ ಇಲ್ಲೇ ಸಿಕ್ಕಿಬೀಳುತ್ತಿತ್ತು. ನಂತರ ಎರಡು ಮಾಸ್ಕ್‌ಗಳನ್ನು ಹೋಲಿಸುವಾಗ ಗಾತ್ರ ಮಾತ್ರ ನೋಡಬೇಡಿ, ಡೈಸ್ ಅಂಕವನ್ನೂ ನೋಡಿ. ಎರಡೂ ಮಾಸ್ಕ್‌ಗೆ ಸಾಮಾನ್ಯವಾದ ಭಾಗದ ಎರಡರಷ್ಟನ್ನು ಎರಡರ ಒಟ್ಟು ಮೊತ್ತದಿಂದ ಭಾಗಿಸಿದ್ದೇ ಡೈಸ್. ಎರಡು ಮಾಸ್ಕ್‌ಗಳ ಗಾತ್ರ ಒಂದೇ ಇದ್ದು, ಒಂದನ್ನೊಂದು ಎಲ್ಲೂ ಮುಟ್ಟದೆ ಡೈಸ್ ಸೊನ್ನೆ ಇರಲು ಸಾಧ್ಯ. ಗಾತ್ರ ತಾಳೆ ಆಯಿತು ಅಂದ ಮಾತ್ರಕ್ಕೆ ಜಾಗ ಸರಿ ಇದೆ ಅಂತಲ್ಲ. ಪ್ರತಿ ಮಾಸ್ಕನ್ನೂ ಚಿತ್ರದ ಮೇಲಿಟ್ಟು ಕಣ್ಣಿಂದ ನೋಡಿ. ಬೇಸರದ ಕೆಲಸ, ಆದರೆ ಇದಕ್ಕೆ ಬದಲಿ ಇಲ್ಲ.

ಗಾತ್ರ ಸಿಕ್ಕಿತು ಅನ್ನೋಣ. ಅದು ಚಿಕ್ಕದೋ ದೊಡ್ಡದೋ? ದೊಡ್ಡ ತಲೆಯವರಿಗೆ ದೊಡ್ಡ ಹಿಪ್ಪೊಕ್ಯಾಂಪಸ್ ಇರುವುದು ಸಹಜ. ಅದಕ್ಕೇ ತಲೆಬುರುಡೆಯ ಒಳಗಿನ ಒಟ್ಟು ಗಾತ್ರದ ಜೊತೆ ಹೋಲಿಸುತ್ತಾರೆ. ವಯಸ್ಸಾದಂತೆ ಮೆದುಳು ಸವೆದರೂ ಬುರುಡೆ ಕುಗ್ಗುವುದಿಲ್ಲ, ಹಾಗಾಗಿ ಅದು ಒಳ್ಳೆಯ ಆಧಾರ. 3.29 ಮಿ.ಲೀ. ಅನ್ನುವುದು 1250 ಮಿ.ಲೀ. ಬುರುಡೆಯಲ್ಲಿ ಶೇ. 0.263, 1550 ಮಿ.ಲೀ. ಬುರುಡೆಯಲ್ಲಿ ಶೇ. 0.212. ಒಂದೇ ಸಂಖ್ಯೆ, ಎರಡು ಅರ್ಥ. ಗುಂಪುಗಳನ್ನು ಹೋಲಿಸುವುದಾದರೆ ಬರೀ ಭಾಗಾಕಾರಕ್ಕಿಂತ ರಿಗ್ರೆಶನ್ ವಿಧಾನ ಒಳ್ಳೆಯದು ಅಂತ ನನ್ನ ಅನುಭವ. ಆರೋಗ್ಯವಂತರಲ್ಲಿ ಬುರುಡೆಯ ಗಾತ್ರ ಏರಿದಂತೆ ಹಿಪ್ಪೊಕ್ಯಾಂಪಸ್ ಎಷ್ಟು ಏರುತ್ತದೆ ಅಂತ ಗೆರೆ ಎಳೆದು, ಆ ಗೆರೆಯ ಪ್ರಕಾರ ಪ್ರತಿಯೊಬ್ಬರ ಸಂಖ್ಯೆ ತಿದ್ದಬೇಕು. ಫ್ರೀಸರ್ಫರ್ ಕೊಡುವ ಬುರುಡೆಯ ಗಾತ್ರ ನೇರ ಎಣಿಕೆಯಲ್ಲ, ಅಂದಾಜು. ಚಿತ್ರ ಅಟ್ಲಾಸ್‌ಗೆ (ಮಾದರಿ ಮೆದುಳಿನ ನಕ್ಷೆಗೆ) ಸರಿಯಾಗಿ ಹೊಂದದಿದ್ದರೆ ಅದೂ ಕೆಡುತ್ತದೆ.

ಯಾರ ಜೊತೆ ಹೋಲಿಸುತ್ತೀರಿ ಅನ್ನುವುದೂ ಮುಖ್ಯ. ಎಲ್ಲರೂ ಬಳಸುವ ಎಂಎನ್‌ಐ-152 ಟೆಂಪ್ಲೇಟ್ (ಸರಾಸರಿ ಮೆದುಳಿನ ಮಾದರಿ) ಕೆನಡಾದ ಮಾಂಟ್ರಿಯಲ್‌ನಲ್ಲಿ 152 ಜನರ ಸ್ಕ್ಯಾನ್‌ನಿಂದ ಮಾಡಿದ್ದು. ಹೈದರಾಬಾದಿನ ಐಐಐಟಿಯವರು 2019ರಲ್ಲಿ 100 ಭಾರತೀಯರ ಸ್ಕ್ಯಾನ್‌ನಿಂದ ಅಟ್ಲಾಸ್ ಮಾಡಿದರು. ನಮ್ಮವರ ಮೆದುಳು ಸರಾಸರಿಯಲ್ಲಿ ಪಾಶ್ಚಾತ್ಯರದ್ದಕ್ಕಿಂತ ಚಿಕ್ಕದು ಅಂತ ಅದರಲ್ಲಿ ಕಂಡಿತು. ಬೆಂಗಳೂರಿನ ನಿಮ್ಹಾನ್ಸ್ ತಂಡ 6ರಿಂದ 60 ವರ್ಷದವರಿಗೆ ವಯಸ್ಸಿನ ಪ್ರಕಾರ ಟೆಂಪ್ಲೇಟ್‌ಗಳನ್ನು ಮಾಡಿದೆ. ನಿಮ್ಮ ದೊಡ್ಡಪ್ಪನವರಿಗೆ 71. ಹಾಗಾಗಿ ವಿದೇಶದ ಚಾರ್ಟ್‌ನಲ್ಲಿ ಅವರ ಸಂಖ್ಯೆ ಹಾಕಿ "ಕಡಿಮೆ" ಅಂತ ಬಂದರೆ ಅದಕ್ಕೆ ಅಷ್ಟು ಬೆಲೆ ಕೊಡಬೇಡಿ.

ಈಗ ದೊಡ್ಡಪ್ಪನವರ ಎರಡು ಸ್ಕ್ಯಾನ್. ಕಲಬುರಗಿ, ಬೀದರ್, ಯಾದಗಿರಿಯವರಿಗೆ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ಮೊದಲ ಸ್ಕ್ಯಾನ್ ಊರಲ್ಲಿ, ಎರಡನೆಯದು ಸೊಲ್ಲಾಪುರ ಅಥವಾ ಹೈದರಾಬಾದಿನಲ್ಲಿ. ನಮ್ಮ ಕಡೆ ಹೀಗೇ ಆಗುತ್ತದೆ. ಯಂತ್ರ ಬೇರೆ, ಆಯಸ್ಕಾಂತದ ಬಲ ಒಂದರದ್ದು 1.5 ಟೆಸ್ಲಾ, ಇನ್ನೊಂದರದ್ದು 3 ಟೆಸ್ಲಾ ಇರಬಹುದು. ಸ್ಲೈಸ್ ಬೇರೆ. ಬೂದು ಭಾಗ ಮತ್ತು ಬಿಳಿ ಭಾಗದ ನಡುವಿನ ಬಣ್ಣದ ವ್ಯತ್ಯಾಸ ಬೇರೆ, ಹಾಗಾಗಿ ಸಾಫ್ಟ್‌ವೇರ್‌ಗೆ ಕಾಣುವ ಗಡಿಯೂ ಬೇರೆ. ಯಂತ್ರದ ಗ್ರೇಡಿಯೆಂಟ್‌ನಲ್ಲಿ (ಜಾಗ ಗುರುತಿಸಲು ಬಳಸುವ ಕಾಂತಕ್ಷೇತ್ರದಲ್ಲಿ) ಪ್ರತಿ ದಿಕ್ಕಿಗೆ ಶೇ. 1ರಷ್ಟು ಹಿಗ್ಗು ಇದ್ದರೆ ಗಾತ್ರದಲ್ಲಿ ಅದು ಶೇ. 3 ಆಗುತ್ತದೆ. ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಅಂತ ನೋಡಲು ಗೊತ್ತಿರುವ ಅಳತೆಯ ಫ್ಯಾಂಟಮ್ ಅನ್ನುವ ವಸ್ತು ಇಟ್ಟು ಸ್ಕ್ಯಾನ್ ಮಾಡುತ್ತಾರೆ. ಎಸಿಆರ್ ಫ್ಯಾಂಟಮ್ ಅಂತ ಒಂದಿದೆ, ಒಳ ವ್ಯಾಸ 190 ಮಿ.ಮೀ., ಒಳ ಉದ್ದ 148 ಮಿ.ಮೀ. ನಿಮ್ಮ ಪ್ರಾಜೆಕ್ಟ್‌ನ ಸ್ಕ್ಯಾನ್‌ಗಳು ಬಂದ ಯಂತ್ರದ ಫ್ಯಾಂಟಮ್ ಚಿತ್ರ ಇದ್ದರೆ ಕೇಳಿ ಪಡೆದು ಅಳೆದು ನೋಡಿ.

ಮೇ ತಿಂಗಳು ಅಂದಿರಿ. ಅದೂ ಸೇರುತ್ತದೆ. 16 ಗಂಟೆ ನೀರು ಕುಡಿಯದಿದ್ದವರ ಮೆದುಳಿನ ಗಾತ್ರ ಸುಮಾರು ಅರ್ಧ ಶೇಕಡಾ ಇಳಿದು, ನೀರು ಕುಡಿದ ಮೇಲೆ ಮತ್ತೆ ಏರಿದ್ದನ್ನು 2005ರ ಒಂದು ಅಧ್ಯಯನ ತೋರಿಸಿದೆ. ಕಲಬುರಗಿಯ ಬಿಸಿಲಲ್ಲಿ ರಾತ್ರಿ ಬಸ್ ಹತ್ತಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸ್ಕ್ಯಾನ್‌ಗೆ ಹೋದ 71 ವರ್ಷದವರ ದೇಹದಲ್ಲಿ ನೀರು ಎಷ್ಟಿತ್ತು? ಅರ್ಧ ಶೇಕಡಾ ಸಣ್ಣದು ಅನ್ನಿಸಬಹುದು. ಆದರೆ ವಯಸ್ಸಾದ ಆರೋಗ್ಯವಂತರಲ್ಲಿ ಹಿಪ್ಪೊಕ್ಯಾಂಪಸ್ ವರ್ಷಕ್ಕೆ ಸವೆಯುವುದು ಸರಾಸರಿ ಶೇ. 1.4. ಆಲ್‌ಝೈಮರ್ ಇರುವವರಲ್ಲಿ ಸುಮಾರು ಶೇ. 4.7. ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2009ರಲ್ಲಿ ಬಂದ ಲೆಕ್ಕ ಇದು. ಇವೆರಡರ ನಡುವಿನ ಅಂತರ ಶೇ. 3ರ ಚಿಲ್ಲರೆ. ಒಂದೇ ಯಂತ್ರದಲ್ಲಿ ಒಬ್ಬರನ್ನೇ ಎರಡು ಸಲ ಸ್ಕ್ಯಾನ್ ಮಾಡಿದರೂ ಕೆಲವು ಶೇಕಡಾ ಏರುಪೇರು ಬರುತ್ತದೆ. ಹಾಗಿರುವಾಗ 6 ಮಿ.ಮೀ. ಅಂತರದ ಕಲಬುರಗಿಯ ಸ್ಕ್ಯಾನ್‌ಗೂ ಹೈದರಾಬಾದಿನ 1 ಮಿ.ಮೀ. ಸ್ಕ್ಯಾನ್‌ಗೂ ನಡುವೆ ಕಂಡ ಶೇ. 9 ಏನನ್ನೂ ಹೇಳುವುದಿಲ್ಲ. ಹೆದರಿಕೆಯನ್ನೂ ಹೇಳುವುದಿಲ್ಲ, ಸಮಾಧಾನವನ್ನೂ ಹೇಳುವುದಿಲ್ಲ.

ದಪ್ಪ ಸ್ಲೈಸ್ ಸ್ಕ್ಯಾನ್‌ನಿಂದ ಏನೂ ಮಾಡಲಾಗದೇ ಅಂತ ಕೇಳಬಹುದು. ಸಿಂತ್‌ಸೆಗ್ ಅನ್ನುವ ವಿಧಾನ ಇದೆ, ಯಾವ ದಪ್ಪದ, ಯಾವ ಬಗೆಯ ಚಿತ್ರವನ್ನಾದರೂ ತೆಗೆದುಕೊಂಡು 1 ಮಿ.ಮೀ. ಲೇಬಲ್ ಕೊಡುತ್ತದೆ. ಪ್ರಾಜೆಕ್ಟ್‌ನಲ್ಲಿ ನೂರಾರು ಹಳೆಯ ಸ್ಕ್ಯಾನ್‌ಗಳ ಸರಾಸರಿ ನೋಡಲು ಅದು ನಿಜಕ್ಕೂ ದೊಡ್ಡ ಸಹಾಯ. ಆದರೆ ಸ್ಕ್ಯಾನ್‌ನಲ್ಲಿ ಇಲ್ಲದ ಮಾಹಿತಿಯನ್ನು ಅದು ಕಲಿತ ಸರಾಸರಿ ಆಕಾರದಿಂದ ತುಂಬುತ್ತದೆ. ಒಬ್ಬ ಮನುಷ್ಯನ ಒಂದು ವರ್ಷದ ಬದಲಾವಣೆಗೆ ನಾನು ಅದನ್ನು ನಂಬುವುದಿಲ್ಲ.

ಬದಲಾವಣೆಯನ್ನೇ ಅಳೆಯಬೇಕಾದರೆ ಎರಡು ಸಲ ಬೇರೆ ಬೇರೆ ಅಳೆದು ಕಳೆಯುವುದಕ್ಕಿಂತ ಎರಡೂ ಸ್ಕ್ಯಾನನ್ನು ಒಂದರ ಮೇಲೊಂದು ಕೂರಿಸಿ ಗಡಿ ಎಷ್ಟು ಸರಿದಿದೆ ಅಂತ ನೇರವಾಗಿ ನೋಡುವುದು ಮೇಲು. ಲಂಡನ್‌ನಲ್ಲಿ ನಿಕ್ ಫಾಕ್ಸ್ ಮತ್ತು ಜೊತೆಗಾರರು 1997ರಲ್ಲಿ ಪ್ರಕಟಿಸಿದ ಬೌಂಡರಿ ಶಿಫ್ಟ್ ಇಂಟಿಗ್ರಲ್ ಇದನ್ನೇ ಮಾಡುತ್ತದೆ. ಫ್ರೀಸರ್ಫರ್‌ನಲ್ಲೂ ಲಾಂಗಿಟ್ಯೂಡಿನಲ್ ಅನ್ನುವ ಪ್ರತ್ಯೇಕ ದಾರಿ ಇದೆ. ಎರಡಕ್ಕೂ ಒಂದೇ ಯಂತ್ರದ, ಒಂದೇ ಬಗೆಯ ಸ್ಕ್ಯಾನ್ ಬೇಕು.

ದೊಡ್ಡಪ್ಪನವರನ್ನು ನರರೋಗ ತಜ್ಞರಿಗೆ ತೋರಿಸಿ, ಎರಡೂ ಸಿಡಿ ತೆಗೆದುಕೊಂಡು ಹೋಗಿ. ಅವರು ಮಿಲಿಲೀಟರ್ ನೋಡದೆ ಕಣ್ಣಳತೆಯಲ್ಲೇ 0ರಿಂದ 4ರವರೆಗೆ ಅಂಕ ಕೊಡಬಹುದು. ನೆದರ್‌ಲ್ಯಾಂಡ್ಸ್‌ನ ಫಿಲಿಪ್ ಶೆಲ್ಟನ್ಸ್ 1992ರಲ್ಲಿ ಕೊಟ್ಟ ವಿಧಾನ ಅದು, ವಯಸ್ಸು ಲೆಕ್ಕಕ್ಕೆ ಹಿಡಿದು ಓದುತ್ತಾರೆ, ಇವತ್ತಿಗೂ ಬಹಳ ಕೆಲಸಕ್ಕೆ ಬರುತ್ತದೆ. ಅದಕ್ಕಿಂತ ಮೊದಲು ಬಿ12 ಮತ್ತು ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಿದ್ದಾರೆಯೇ ಕೇಳಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ, ಮರೆವಿಗೆ ಅದೂ ಒಂದು ಕಾರಣ, ಚಿಕಿತ್ಸೆಯೂ ಇದೆ. ಖಿನ್ನತೆ, ಕೆಲವು ಮಾತ್ರೆಗಳು, ಹಿಂದೆ ಯಾವಾಗಲೋ ಬಿದ್ದು ತಲೆಯಲ್ಲಿ ನಿಧಾನವಾಗಿ ಕಟ್ಟಿದ ರಕ್ತ, ಇವೂ ಮರೆವು ತರುತ್ತವೆ. ಈಗಾಗಲೇ ತೆಗೆದ ಸ್ಕ್ಯಾನ್‌ಗಳು ಕೊನೆಯದನ್ನು ನೋಡಲು ಚೆನ್ನಾಗಿ ಸಾಕು.

ಮುಂದೆ ಮತ್ತೆ ಸ್ಕ್ಯಾನ್ ಬೇಕು ಅಂತ ವೈದ್ಯರು ಹೇಳಿದರೆ ಹೈದರಾಬಾದಿನ ಅದೇ ಯಂತ್ರದಲ್ಲಿ, ಅದೇ 1 ಮಿ.ಮೀ. ಮೂರು ಆಯಾಮದ ಟಿ1 ತೆಗೆಸಿ. ಹಿಂದಿನ ಸ್ಕ್ಯಾನ್ ತೆಗೆದ ಹೊತ್ತಿಗೇ ಹೋಗಿ, ಆದರೆ ಈ ಸಲ ಚೆನ್ನಾಗಿ ನೀರು ಕುಡಿಸಿಕೊಂಡು ಹೋಗಿ. ಹೋದ ಸಲ ನೀರು ಕಡಿಮೆಯಾಗಿತ್ತು ಅನ್ನಿಸಿದರೆ ಅದನ್ನೂ ಬರೆದಿಡಿ. ಬರುವಾಗ ಫಿಲ್ಮ್ ಮಾತ್ರ ತರಬೇಡಿ, ಡೈಕಾಮ್ ಸಿಡಿ ಕೇಳಿ ತನ್ನಿ. ಫಿಲ್ಮ್‌ನಿಂದ ಗಾತ್ರ ಅಳೆಯಲು ಬರುವುದಿಲ್ಲ.